ಅಧ್ಯಕ್ಷರು ಕಣ್ಣೊರೆಸಿಕೊಂಡ ಭಾಷಣ

ಪರಿಶೀಲನಾ ಸಮಿತಿಯವರು ಹತ್ತು ನಿಮಿಷದಲ್ಲಿ ಬರುತ್ತಾರೆ ಎನ್ನುವಾಗ ಫ್ರೆಂಚ್ ಮೇಷ್ಟ್ರು ತರಗತಿಯ ಬಾಗಿಲು ಹಾಕಿಕೊಂಡರು. "ನೋಡ್ರಪ್ಪಾ, ಅವರು ಒಳಗೆ ಕಾಲಿಟ್ಟಾಗ ಜೋರು ಚರ್ಚೆ ನಡೀತಿರಬೇಕು. ವಿಷಯ ಪರಿಸರ ಅಂತ ಬೋರ್ಡ್ ಮೇಲೆ ಬರೆದಿದೀನಿ. ನಿಮಗೆ ಬಾಯಿಪಾಠ ಬರೋದನ್ನೇ ಹೇಳಿ, ಆದ್ರೆ ಕೈ ಬೀಸಿ ಹೇಳಿ. ಫ್ರೆಂಚ್ ಬಿಟ್ಟು ಬೇರೆ ಒಂದು ಮಾತು ಬಾಯಿಂದ ಬಿತ್ತೋ, ನಾಳೆಯಿಂದ ಮತ್ತೆ ಮಧ್ಯಮ ದರ್ಜೇಲಿ ಕೂರ್ತೀರಿ, ಅಷ್ಟೇ."

ಬಾಯಿಪಾಠ ಬರುತ್ತಿದ್ದುದಾದರೂ ಏನು ಮಹಾ? ಮಧ್ಯಮ ದರ್ಜೆಯ ಗೈಡಿನಲ್ಲಿದ್ದ, ಅಂಗಡಿ, ರೈಲು, ಹೋಟೆಲಿನ ಹನ್ನೆರಡು ಸಂಭಾಷಣೆಗಳು. ಉನ್ನತ ದರ್ಜೆಗೂ ಅದೇ ಗೈಡು. ರಟ್ಟಿನ ಮೇಲೆ 'ಮಧ್ಯಮ' ಎಂದಿದ್ದ ಕಡೆ 'ಉನ್ನತ' ಎಂಬ ಚೀಟಿ ಅಂಟಿಸಿದ್ದು ಬಿಟ್ಟರೆ ಒಳಗೆ ಒಂದಕ್ಷರವೂ ಕದಲಿರಲಿಲ್ಲ. ಹುಡುಗರು ಅದನ್ನು ಅರೆದು ಕುಡಿದಿದ್ದರು, ಒಳ್ಳೆಯ ಅಂಕವನ್ನೂ ತೆಗೆದಿದ್ದರು.

ಟೈಲರ್ ಮಗಳೊಬ್ಬಳಿಗೆ ಮಾತ್ರ ಇದು ಸಾಕಾಗುತ್ತಿರಲಿಲ್ಲ. ಬಂದರಿನ ಆಸ್ಪತ್ರೆಯಲ್ಲಿ ಫ್ರೆಂಚ್ ದುಭಾಷಿಯ ಒಂದೇ ಒಂದು ಕೆಲಸ ಖಾಲಿ ಇತ್ತು. ಅದರ ಪರೀಕ್ಷೆಗೆ ಇನ್ನು ಎರಡು ತಿಂಗಳು. ಹಡಗಿನಿಂದ ಇಳಿದ ರೋಗಿ ಎದೆ ಹಿಡಿದುಕೊಂಡು ಕೂತಿರುವಾಗ, "ಈ ರೈಲು ಎಷ್ಟು ಗಂಟೆಗೆ ಹೊರಡುತ್ತದೆ?" ಎಂದು ಕೇಳಲಾದೀತೇ? ಲೈಬ್ರರಿಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಂದೂವರೆ ವರ್ಷ ಅವಳೇ ಕಷ್ಟಪಟ್ಟು ಕಲಿತಿದ್ದಳು. ಆದರೆ ಕಲಿತದ್ದು ಸರಿಯೋ ತಪ್ಪೋ ಎಂದು ಹೇಳುವುದಕ್ಕೆ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಷ್ಟ್ರನ್ನು ಕೇಳಿದರೆ, "ಗೈಡಲ್ಲಿ ಇಲ್ಲದ್ದು ನಿನಗ್ಯಾಕಮ್ಮಾ?" ಎಂದು ಪೇಪರಿನ ಪದಬಂಧಕ್ಕೆ ತಲೆ ತಗ್ಗಿಸುತ್ತಿದ್ದರು. ಇನ್ನೊಬ್ಬ ಅಧ್ಯಾಪಕರು ಬೇಕೋ ಬೇಡವೋ ಎಂದು ತೀರ್ಮಾನಿಸಲಿಕ್ಕೇ ಇವತ್ತಿನ ಸಮಿತಿ ಬರುತ್ತಿತ್ತು. ಅದರ ಅಧ್ಯಕ್ಷರು ಒಂಬತ್ತು ವರ್ಷ ಫ್ರಾನ್ಸಿನಲ್ಲೇ ಇದ್ದು ಬಂದವರಂತೆ.

"ಅವರ ಹತ್ರ ಎಲ್ಲಾ ಹೇಳಿಬಿಡ್ತೀನಿ ಕಣೆ," ಎಂದು ಅವಳು ಪಕ್ಕದ ಗೆಳತಿಯ ಕಿವಿಯಲ್ಲಿ ಉಸುರಿದಳು.

"ಹುಚ್ಚೇನೇ ನಿಂಗೆ? ಸರ್ ಅಲ್ಲೇ ನಿಂತಿರ್ತಾರೆ!"

"ಫ್ರೆಂಚಲ್ಲೇ ಹೇಳ್ತೀನಿ. ಅವರಿಗೆ ಗೊತ್ತಾಗುತ್ತೆ, ಇವರಿಗೆ ಗೊತ್ತಾಗಲ್ಲ."

"ಅಕಸ್ಮಾತ್ ಇವರಿಗೂ ಗೊತ್ತಾದ್ರೆ?"

"ಗೊತ್ತಾದ್ರೆ, ಅಂತೂ ಇವರು ಫ್ರೆಂಚ್ ಬಲ್ಲ ಮೇಷ್ಟ್ರೇ ಹೌದು ಅಂತ ಕಾಲಿಗೆ ಬೀಳ್ತೀನಿ ಬಿಡು."

ಬಾಗಿಲು ತೆರೆಯಿತು. ಆ ಸೆಕೆಯಲ್ಲೂ ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ ಅಧ್ಯಕ್ಷರು, ಅವರ ಹಿಂದೆ ಇಬ್ಬರು ಸದಸ್ಯರು ಬಂದು ಕೂತರು. ಚರ್ಚೆ ಶುರುವಾಯಿತು ನೋಡಿ! ಒಬ್ಬ ಹುಡುಗ ಮೇಜು ಗುದ್ದಿ ಗುದ್ದಿ ಒಂದು ಕಿಲೋ ಟೊಮೇಟೊ ಕೊಂಡ. ಇನ್ನೊಬ್ಬ ಅವನ ಮಾತನ್ನು ಖಂಡಿಸುತ್ತಾ, ತನ್ನ ಸೂಟ್‌ಕೇಸ್ ಇನ್ನೂ ಬಂದಿಲ್ಲವೆಂದು ಕಿರುಚಿದ. ಗೆಳತಿ ಎದ್ದು ನಿಂತು, ಬೆರಳೆತ್ತಿ, ಕಾಫಿಗೆ ಎರಡು ಚಮಚ ಸಕ್ಕರೆ ಸಾಕೆಂದು ಇಬ್ಬರಿಗೂ ಎಚ್ಚರಿಕೆ ಕೊಟ್ಟಳು. ಅಧ್ಯಕ್ಷರು ಎಲ್ಲದಕ್ಕೂ ತಲೆದೂಗಿದರು. ಪಾಪ, ಮರ್ಯಾದಸ್ಥರು, ಮಕ್ಕಳ ಮನಸ್ಸು ನೋಯಿಸಬಾರದೆಂದು ಸಹಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಳು ಟೈಲರ್ ಮಗಳು.

ಕೊನೆಗೆ ಅವಳ ಸರದಿ ಬಂತು. ಅಧ್ಯಕ್ಷರನ್ನೇ ನೋಡುತ್ತಾ ಫ್ರೆಂಚಿನಲ್ಲಿ ಹೇಳಿದಳು: "ಸ್ವಾಮಿ, ನಮಗೆ ಇಲ್ಲಿ ಏನೂ ಕಲಿಸಿಲ್ಲ. ಈಗ ಕೇಳಿದಿರಲ್ಲ, ಅದು ಚರ್ಚೆಯಲ್ಲ, ಹಳೆಯ ಗೈಡು. ನಮ್ಮ ಅಧ್ಯಾಪಕರು ಪದಬಂಧ ಬಿಡಿಸುತ್ತಾರೆ. ನಾಳೆ ಆಸ್ಪತ್ರೆಯಲ್ಲಿ ನಾನು ಒಂದು ಮಾತು ತಪ್ಪಿದರೆ ಒಂದು ಜೀವ ಹೋಗಬಹುದು. ದಯವಿಟ್ಟು ಭಾಷೆ ಬಲ್ಲವರನ್ನು ಕಳಿಸಿ." ಅಷ್ಟು ಹೇಳುವಷ್ಟರಲ್ಲಿ ಅಳು ಬಂದೇಬಿಟ್ಟಿತು.

ಅಧ್ಯಕ್ಷರು ಕನ್ನಡಕ ತೆಗೆದು, ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡರು. ಅಬ್ಬಾ, ಕೊನೆಗೂ ಒಬ್ಬರಿಗೆ ಮುಟ್ಟಿತು ಎಂದು ಅವಳ ಎದೆ ಹಗುರಾಯಿತು. ಅವರು ಎದ್ದು ನಿಂತು, ಬೋರ್ಡಿನ ಮೇಲಿನ 'ಪರಿಸರ'ದತ್ತ ಒಮ್ಮೆ ನೋಡಿ, ಚಪ್ಪಾಳೆ ತಟ್ಟಿದರು.

"ಸಾಯ್ತಾ ಇರೋ ನದಿಗಳ ಬಗ್ಗೆ ಇಷ್ಟು ಮನಮುಟ್ಟೋ ಹಾಗೆ ಯಾರೂ ಮಾತಾಡಿದ್ದು ನಾನು ಕೇಳಿಲ್ಲ! ಇಂಥ ಮೇಷ್ಟ್ರು ಸಿಕ್ಕಿದ್ದು ನಿಮ್ಮೆಲ್ಲರ ಪುಣ್ಯ." ನಿಂತಲ್ಲೇ ವರದಿಯಲ್ಲಿ ಬರೆದೂ ಬಿಟ್ಟರು: ಇನ್ನೂ ಐದು ವರ್ಷ ಇವರೇ ಮುಂದುವರಿಯಲಿ, ಬೇರೊಬ್ಬರ ಅಗತ್ಯವಿಲ್ಲ.

ಸಮಿತಿ ಅತ್ತ ಹೋದದ್ದೇ ಮೇಷ್ಟ್ರು ಅವಳನ್ನು ಕರೆದರು. ಇವರಿಗೂ ಗೊತ್ತಾಗಿಹೋಯಿತೇ ಎಂದುಕೊಳ್ಳುತ್ತಾ ಅವಳು ಎದುರು ಬಂದು ನಿಂತಳು.

"ಭೇಷ್ ಕಣಮ್ಮಾ! ನನ್ನ ಮಾನ ಉಳಿಸಿದೆ. ಅದನ್ನ ಹಾಗೇ ಒಂದು ಹಾಳೇಲಿ ಬರೆದು ಕೊಟ್ಟುಬಿಡು."

"ಸರ್, ಅದರ ಅರ್ಥ..."

"ಅರ್ಥ ಕಟ್ಟಿಕೊಂಡು ಏನಾಗಬೇಕು? ಅಧ್ಯಕ್ಷರೇ ಒಪ್ಪಿದ್ದಾರೆ. ಬರಿ, ಬರಿ."

ಅವಳು ಬರೆದುಕೊಟ್ಟಳು. ಇನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಸೋಮವಾರ ಲೈಬ್ರರಿಯಲ್ಲಿ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದವಳು ಹಾಗೇ ಕೈ ತಡೆದಳು. ಪಕ್ಕದ ಕೋಣೆಯಲ್ಲಿ ಮಧ್ಯಮ ದರ್ಜೆಯ ನಲವತ್ತು ಮಂದಿ ಒಂದೇ ರಾಗದಲ್ಲಿ ಫ್ರೆಂಚಿನಲ್ಲಿ ಕೂಗುತ್ತಿದ್ದರು: "ನಮಗೆ ಇಲ್ಲಿ ಏನೂ ಕಲಿಸಿಲ್ಲ! ದಯವಿಟ್ಟು ಭಾಷೆ ಬಲ್ಲವರನ್ನು ಕಳಿಸಿ!"

"ಊಹೂಂ, ಸಾಲದು," ಮೇಷ್ಟ್ರ ಬೆತ್ತ ಮೇಜಿನ ಮೇಲೆ ಟಪ್ಪೆಂದಿತು. "ಕೊನೇ ಸಾಲಿಗೆ ಎಲ್ಲರೂ ಅಳಬೇಕು. ಅಳದಿದ್ದವರಿಗೆ ಎರಡು ಅಂಕ ಕಡಿಮೆ!"