ಸದ್ದು ಹಿಂದಕ್ಕೆ

ಆಸ್ಪತ್ರೆಯ ಗೇಟು ದಾಟಿದ ಕೂಡಲೇ ರಿಜಾಲ್ ವ್ಯಾನಿನ ಸದ್ದನ್ನು ಹಿಂದೆ ಮುಂದೆ ಹಂಚುವ ಫೇಡರ್ ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದ. ಮುಂದಿನ ಬಾಗಿಲುಗಳಲ್ಲಿದ್ದ ಸ್ಪೀಕರುಗಳು ಬಾಯಿ ಮುಚ್ಚಿದವು. ಹಾಡು ಇಡಿಯಾಗಿ ಹಿಂದಿನ ಬೆಂಚುಗಳ ಅಡಿಗೆ ಹೋಗಿ ಅಲ್ಲಿಂದ ಎದ್ದು ಬಂತು. ಬಿದಿರ ಕೊಳಲು, ಅದರ ಬೆನ್ನಿಗೆ ಅತ್ತಂತೆ ಹಾಡುವ ಹೆಂಗಸಿನ ದನಿ. ಅಮ್ಮನಿಗೆ ಇಷ್ಟವೆಂದು ಬೆಳಿಗ್ಗೆ ಅವನೇ ಹುಡುಕಿ ತುಂಬಿಸಿಕೊಂಡು ಬಂದಿದ್ದ.

"ಈಗ ಹೇಳು," ಎಂದಳು ಪಕ್ಕದಲ್ಲಿ ಕೂತ ಅಕ್ಕ ದೆಸ್ನಿ. "ತಿರುಗಿ ನೋಡ್ಬೇಡ. ಅಮ್ಮ ಕನ್ನಡೀಲಿ ನಿನ್ನ ಮುಖಾನೇ ನೋಡ್ತಾ ಕೂತಿರ್ತಾಳೆ."

ರಿಜಾಲ್ ತಿರುಗಲಿಲ್ಲ. ಪಾಡಾಂಗ್ ಊರಿನಲ್ಲಿ ಬಾಡಿಗೆ ವ್ಯಾನು ಓಡಿಸುವವನಿಗೆ ಹಿಂದೆ ನೋಡುವ ಅಭ್ಯಾಸ ಕಡಿಮೆ. ಅಲ್ಲಿನ ಶಾಲೆ ಮಕ್ಕಳು ಮೊದಲು ಗಾಡಿಯೊಳಗಿನ ಹಾಡು ಎಷ್ಟು ಜೋರೆಂದು ನೋಡುತ್ತಾರೆ. ಎದೆ ನಡುಗಿಸದ ವ್ಯಾನಿಗೆ ಕೈ ಅಡ್ಡ ಹಾಕುವುದಿಲ್ಲ. ಇಳಿಯಬೇಕಾದವರು ಕೂಗಿದರೆ ಯಾರಿಗೂ ಕೇಳುವುದಿಲ್ಲವಾದ್ದರಿಂದ ತಲೆಯ ಮೇಲಿನ ತಗಡನ್ನು ಗುದ್ದುತ್ತಾರೆ. ಇವತ್ತು ಅವನು ಗಾಡಿಯನ್ನು ಬಾಡಿಗೆಗೆ ಬಿಟ್ಟಿರಲಿಲ್ಲ. ಹಿಂದೆ ಇದ್ದವಳು ಅಮ್ಮ ನೂರ್ಬೈತಿ ಒಬ್ಬಳೇ, ಮಡಿಲಲ್ಲಿ ಬಾಳೆಹಣ್ಣಿನ ಬಜ್ಜಿಯ ಪೊಟ್ಟಣ ಇಟ್ಟುಕೊಂಡು. ಸ್ಕ್ಯಾನಿಂಗ್ ಮುಗಿಯುವ ತನಕ ಅವಳಿಗೆ ನೀರೂ ಕೊಟ್ಟಿರಲಿಲ್ಲ.

ಅಮ್ಮ ನಮಾಜಿಗೆ ಹೋದಾಗ ಡಾಕ್ಟರು ತನ್ನೊಬ್ಬನನ್ನೇ ಒಳಗೆ ಕರೆದದ್ದನ್ನು ಅವನು ಹೇಳಿದ. ಗರ್ಭಕೋಶದಲ್ಲಿ ಗೆಡ್ಡೆ. ಒಳ್ಳೆಯ ಜಾತಿಯದಲ್ಲ. ಈ ತಿಂಗಳೊಳಗೆ ಕೊಯ್ದು ತೆಗೆದರೆ ಬದುಕಬಹುದು, ತಡ ಮಾಡಿದರೆ ಆಮೇಲೆ ಕೊಯ್ದೂ ಪ್ರಯೋಜನವಿಲ್ಲ.

ಇಬ್ಬರಿಗೂ ಅಮ್ಮನ ತಂಗಿ ಚಿಕ್ಕಮ್ಮ ನೆನಪಾದಳು. ಆಪರೇಷನ್ನಿಗೆಂದು ನಡೆದುಕೊಂಡು ಹೋದವಳನ್ನು ಹೊತ್ತುಕೊಂಡು ತಂದಿದ್ದರು. ತಂಗಿಯ ಮೈ ತೊಳೆದು ಹೊರಗೆ ಬಂದ ಅಮ್ಮ, ಒದ್ದೆ ಕೈಯಲ್ಲೇ ಇಬ್ಬರು ಮಕ್ಕಳ ಕೈ ಹಿಡಿದು, ನನ್ನ ಮೈಗೆ ಮಾತ್ರ ಕತ್ತಿ ಮುಟ್ಟಿಸಬೇಡಿ ಎಂದು ಮಾತು ತೆಗೆದುಕೊಂಡಿದ್ದಳು.

"ರಕ್ತ ಏರಿಸ್ಬೇಕು, ಎರಡು ದಿನ ಇರ್ಬೇಕು ಅಂತ ಹೇಳಿ ಸೇರ್ಸೋಣ," ಎಂದಳು ದೆಸ್ನಿ. "ಕಣ್ಣು ಬಿಟ್ಟಾಗ ಗೊತ್ತಾಗ್ಲಿ. ಬೈಲಿ. ಬೈಯೋಕಾದ್ರೂ ಬದುಕಿರ್ತಾಳಲ್ಲ."

"ಮಾವನಿಗೆ ಏನು ಹೇಳೋದು?"

"ಮಾವನ ಕಿವಿಗೆ ಬಿದ್ರೆ ಮುಗೀತು. ಅಮ್ಮ ಬೇಡ ಅಂದ್ರೆ ಅವ್ರೂ ಬೇಡ ಅಂತಾರೆ."

ಅದು ನಿಜ. ಅವರ ಜನರಲ್ಲಿ ಮನೆ ಹೆಣ್ಣುಮಕ್ಕಳದ್ದು, ಕೊನೆಯ ಮಾತು ತಾಯಿಯ ಅಣ್ಣನದ್ದು. ದಾತುಕ್ ಎಂಬ ಕುಲದ ಹಿರಿಯನ ಪಟ್ಟ ಹೊತ್ತ ಮಾವ ಬೇಡ ಎಂದ ಮೇಲೆ ಬೇಕು ಎನ್ನುವ ನಾಲಿಗೆ ಆ ಮನೆತನದಲ್ಲಿ ಇನ್ನೂ ಹುಟ್ಟಿರಲಿಲ್ಲ.

ರಿಜಾಲ್ ಸದ್ದನ್ನು ಇನ್ನೊಂದಿಷ್ಟು ಏರಿಸಿದ. ಕನ್ನಡಿಯಲ್ಲಿ ಅಮ್ಮ ಬಜ್ಜಿ ಮುರಿಯುತ್ತ ಹೊರಗೆ ನೋಡುತ್ತಿದ್ದಳು. ನಿನ್ನ ಗಾಡಿ ಹತ್ತೋದಾದ್ರೆ ಕಿವೀನ ಮನೇಲಿ ಬಿಚ್ಚಿಟ್ಟು ಬರ್ಬೇಕು ಕಣೋ ಎಂದು ಪ್ರತಿ ಸಲ ಬೈಯುವವಳು ಇವತ್ತು ಒಂದು ಮಾತೂ ಆಡಿರಲಿಲ್ಲ. ಹಾಡು ಹಿಡಿಸಿರಬೇಕು ಎಂದುಕೊಂಡ.

ಬಂದಾರ್ ಬುವಾತ್ ಸಂತೆಯ ಹತ್ತಿರ ಸಿಮೆಂಟು ಲಾರಿಗಳು ದಾರಿ ಕಟ್ಟಿದ್ದವು. ಗಾಡಿ ನಿಂತಿತು. ಅಷ್ಟರಲ್ಲಿ ಹಾಡು ಮುಗಿಯಿತು.

ಶಾಲೆ ಮಕ್ಕಳಿಗೆಂದು ಹಾಕುವ ಹಾಡುಗಳನ್ನು ರಿಜಾಲ್ ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸಿ ಇಟ್ಟಿದ್ದ. ಅವನ ಗಾಡಿಯಲ್ಲಿ ಸದ್ದು ಕಡಿಯುವುದೆಂದೇ ಇರಲಿಲ್ಲ. ಇವು ಅಮ್ಮನ ಕಾಲದ ಹಾಡುಗಳು. ಒಂದು ಮುಗಿದು ಇನ್ನೊಂದು ಶುರುವಾಗುವ ಮುಂಚೆ ನಡುವೆ ಉಸಿರೆಳೆದುಕೊಳ್ಳುವಷ್ಟು ಖಾಲಿ ಇತ್ತು. ಆ ಖಾಲಿಯಲ್ಲಿ ದೆಸ್ನಿಯ ದನಿ ಬಿತ್ತು.

"ಹೊಟ್ಟೆ ಕೊಯ್ತಾರೆ ಅಂತ ಅವಳಿಗೆ ಹೇಳೋರ್ಯಾರು?"

ಕೊಳಲು ಮತ್ತೆ ಎದ್ದಿತು. ದೆಸ್ನಿ ತುಟಿ ಕಚ್ಚಿಕೊಂಡಳು. ಲಾರಿಗಳು ಕದಲಿದವು, ರಿಜಾಲ್ ಗೇರು ಹಾಕಿದ. ಕನ್ನಡಿ ನೋಡುವ ಧೈರ್ಯ ಬರಲಿಲ್ಲ. ಗಾಡಿ ಸಂತೆ ದಾಟಿತು, ಸೇತುವೆ ದಾಟಿತು. ಕೇಳಿಸಿರಲಿಕ್ಕಿಲ್ಲ ಎಂದು ಅವನು ತನಗೆ ತಾನೇ ನಂಬಿಸಿಕೊಳ್ಳುತ್ತಿರುವಾಗ ತಲೆಯ ಮೇಲಿನ ತಗಡು ಡಬ್ ಡಬ್ ಎಂದಿತು. ಯಾರೋ ಅಪರಿಚಿತ ಪ್ರಯಾಣಿಕರು ಇಳಿಯಲು ಗುದ್ದಿದ ಹಾಗೆ.

ಗಾಡಿಯನ್ನು ಪಕ್ಕಕ್ಕೆ ತೆಗೆದು ಸದ್ದು ಆರಿಸಲು ಕೈ ಚಾಚಿದ.

"ಆರಿಸ್ಬೇಡ," ಎಂದಳು ಅಮ್ಮ. ಪೊಟ್ಟಣವನ್ನು ಮಡಚಿ ಬೆಂಚಿನ ಮೇಲಿಟ್ಟಿದ್ದಳು. "ಅದನ್ನ ಮುಂದಕ್ಕೆ ತಿರುಗ್ಸು."

"ಯಾವುದನ್ನಮ್ಮ?"

"ಸದ್ದನ್ನ. ಇಷ್ಟು ಹೊತ್ತು ನಾನು ಕೇಳ್ದೆ. ಈಗ ನೀವು ಕೇಳಿ." ಚೀಲಕ್ಕೆ ಕೈ ಹಾಕಿ ಫೋನು ತೆಗೆದಳು. "ನಾನು ಅಣ್ಣನ ಹತ್ರ ಮಾತಾಡ್ಬೇಕು."

"ಅಮ್ಮಾ, ಸ್ವಲ್ಪ ನಾವು ಹೇಳೋದು..." ಎಂದು ದೆಸ್ನಿ ತಿರುಗಿದಳು.

"ನೀವು ಮಾತಾಡೋವಾಗ ನಾನು ನಡುವೆ ಬಾಯಿ ಹಾಕಿದ್ನಾ?"

ರಿಜಾಲ್ ಗುಂಡಿಯನ್ನು ಪೂರ್ತಿ ಮುಂದಕ್ಕೆ ತಿರುಗಿಸಿದ. ಕೊಳಲು ಇಬ್ಬರ ಮೊಣಕಾಲಿನ ಹತ್ತಿರವೇ ಕಿರುಚತೊಡಗಿತು. ಕನ್ನಡಿಯಲ್ಲಿ ಅಮ್ಮನ ತುಟಿಗಳು ಆಡಿದವು, ನಿಂತವು, ಮತ್ತೆ ಆಡಿದವು. ಒಮ್ಮೆ ತಲೆಯಾಡಿಸಿದಳು. ಅದು ಹೂಂ ಎಂದದ್ದೋ ಊಹೂಂ ಎಂದದ್ದೋ ತಿಳಿಯಲಿಲ್ಲ. ದೆಸ್ನಿ ಅವನ ತೋಳು ಹಿಡಿದುಕೊಂಡಿದ್ದಳು. ಇಬ್ಬರೂ ಆ ಹಾಡು ಮುಗಿದು, ಅಮ್ಮನ ಮಾತು ಕೇಳಿಸುವ ಆ ಖಾಲಿ ಬರುವುದನ್ನೇ ಕಾಯುತ್ತಿದ್ದರು.

ಹಾಡು ಮುಗಿಯಿತು. ಅಮ್ಮ ಫೋನಿನ ಮೇಲೆ ಅಂಗೈ ಮುಚ್ಚಿ, ಇನ್ನೊಂದು ಹಾಡು ಶುರುವಾಗುವ ತನಕ ಕನ್ನಡಿಯಲ್ಲಿ ಅವರಿಬ್ಬರನ್ನೂ ನೋಡುತ್ತ ಕುಳಿತಳು.