ಲೈಟ್ ಡ್ಯೂಟಿಗೊಂದು ಅರ್ಜಿ

ಬಿಪಿ ನೂರತೊಂಬತ್ತು ಮುಟ್ಟಿದಾಗ ಬಸ್ ಡ್ರೈವರ್ ನಿಂಗರಾಜು ರಜೆ ಹಾಕಿ, ಡಿಪೋದಲ್ಲೇ ಲೈಟ್ ಡ್ಯೂಟಿ ಬೇಕೆಂದು ಅರ್ಜಿ ಕೊಟ್ಟ. ದಿನಕ್ಕೆ ಹನ್ನೆರಡು ಗಂಟೆ ಹೀಗೆ ಕೂತೇ ಇದ್ದರೆ ರಕ್ತನಾಳಗಳು ಪೆಡಸಾಗಿ, ಒಂದು ದಿನ ಸೀಟಿನಲ್ಲೇ ಪ್ರಾಣ ಹೋದೀತೆಂದು ಊರಿನ ಡಾಕ್ಟರು ಹೆದರಿಸಿದ್ದರು. ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ತೆವಳುತ್ತ ಹೋಯಿತು. ಅದರ ಹಿಂದೆ ನಿಂಗರಾಜು ದಿನಾ ನಡೆದ. ಹತ್ತು ತಿಂಗಳ ಮೇಲೆ ವೈದ್ಯಕೀಯ ಮಂಡಳಿ ಅವನನ್ನು ಕರೆಯಿತು.

ಮಂಡಳಿಯ ಹಿರಿಯ ಡಾಕ್ಟರು ಎರಡೆರಡು ಸಲ ತೋಳಿಗೆ ಪಟ್ಟಿ ಸುತ್ತಿ ನೋಡಿದರು.

"ಏನ್ರೀ ಇದು, ನೂರಿಪ್ಪತ್ತೈದಕ್ಕೆ ಇಳಿದಿದೆ! ಸ್ಕ್ಯಾನಿಂಗಲ್ಲಿ ರಕ್ತನಾಳನೂ ಮೆತ್ತಗಾಗಿದೆ. ಏನ್ ಮಾಡಿದ್ರಿ?"

"ಏನಿಲ್ಲ ಸಾರ್, ಬರೀ ಓಡಾಟ."

"ದಿನಾ?"

"ದಿನಾ ಸಾರ್. ಭಾನುವಾರ ಆಫೀಸಿಗೆ ಬೀಗ."

"ಆಫೀಸಿಗಾ?"

"ಡಿಪೋದಿಂದ ಡಿವಿಜನ್ ಆಫೀಸು, ಅಲ್ಲಿಂದ ನಿಮ್ಮ ಆಸ್ಪತ್ರೆ, ತಿರುಗಾ ಡಿಪೋ. ಈ ಅರ್ಜಿ ಸಲುವಾಗೇ ಸಾರ್. ಇನ್ನೂ ಒಂದು ಸಹಿ ಆಗಿಲ್ಲ."

"ಅಯ್ಯೋ ಪಾಪ, ಇವತ್ತೇ ಹಾಕ್ಕೊಡ್ತೀನಿ ಬಿಡಿ," ಎಂದ ಡಾಕ್ಟರು ಅರ್ಜಿಯ ಮೇಲೆ ದುಂಡಗೆ ಬರೆದು ಸಹಿ ಹಾಕಿದರು: "ಪೂರ್ಣ ಗುಣಮುಖ. ನಾಳೆಯಿಂದಲೇ ಬಸ್ ಓಡಿಸಲು ಅರ್ಹ."