ಸಡಿಲವಾದ ಕೀಲು

"ತಿರುಗಿಸಿ ರೀ!" ಲಾರಿಯಡಿ ಅಂಗಾತ ಮಲಗಿದ್ದ ಹೆಂಡತಿ ಕೂಗಿದಳು. ಡ್ರೈವರ್ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಆಡಿಸಿದ. ನಿನ್ನೆ ಸೇತುವೆಯ ಮೇಲೆ ಹಳೆಯ ಲಾರಿ ಪಕ್ಕಕ್ಕೆ ಎಳೆದು ತಡೆಗೋಡೆಗೆ ಉಜ್ಜಿದಾಗಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಕ್ಕದಲ್ಲೇ ಇದ್ದ ಅವಳು, "ನಿಮ್ಮ ಕೈ ನಡುಗುತ್ತೆ, ಇನ್ನು ಲಾರಿ ಸಾಕು" ಎಂದುಬಿಟ್ಟಿದ್ದಳು. ನೋಡಿಕೊಂಡರೆ ಕೈ ನಡುಗುತ್ತಲೂ ಇತ್ತು.

"ಏನಾದ್ರೂ ಕಾಣ್ತಾ?"

"ಎಲ್ಲಾ ಬಿಗಿಯಾಗೇ ಇದೆ."

ಹಾಗಾದರೆ ತಪ್ಪು ತನ್ನ ಕೈಯದ್ದೇ ಎಂದುಕೊಂಡು ಅವನು ಮತ್ತೆ ತಿರುಗಿಸಿದ.

"ತಾಳಿ, ಚಕ್ರದ ಹತ್ತಿರ ಒಂದು ಕೀಲಿದೆ. ನೀವು ತಿರುಗಿಸಿದ್ರೆ ಇದು ಲೊಟಲೊಟ ಅನ್ನುತ್ತೆ, ಚಕ್ರ ಮಾತ್ರ ಅಲ್ಲಾಡಲ್ಲ. ಸವೆದೇ ಹೋಗಿದೆ ರೀ! ನಿಮ್ಮ ತಪ್ಪಲ್ಲ, ಇಳೀರಿ."

ಅವನು ಇಳಿಯಲಿಲ್ಲ.

"ಇನ್ನೊಂದ್ಸಲ ತಿರುಗಿಸ್ತೀನಿ," ಎಂದ. "ಸರಿಯಾಗಿ ನೋಡಿ ಹೇಳು."